ಯಾರನ್ನೂ ಅಳಿಸದ ಉಂಗುರ

ಒಳ್ಳೆಯ ಕೆಲಸಕ್ಕೆಂದು ಕೈಮುಗಿದು ಹೊರಟರೆ ದಾರಿಯಲ್ಲಿ ದೇವರೇ ಒಂದು ಚೇಷ್ಟೆ ಮಾಡಿ ನೋಡುತ್ತಾನೆ, ಇದು ನನ್ನ ಅನುಭವ. ಸೇಡಂ ಬಜಾರದಲ್ಲಿ ನನ್ನದೊಂದು ಪೂಜಾ ಸಾಮಾನಿನ ಅಂಗಡಿ. ಕರ್ಪೂರ ಕೊಳ್ಳಲು ಬಂದವರು ಕರ್ಪೂರ ತಗೊಂಡು ಒಂದಿಷ್ಟು ಸಲಹೆ ಬಿಟ್ಟು ಹೋಗುವುದು ನಮ್ಮ ಬಜಾರದ ರೀತಿ. ನಾನು ಹಳ್ಳಿ ಶಾಲೆಯಲ್ಲಿ ಓದಿದವನು. ಒಂದು ಮಾತು ಕಿವಿಗೆ ಬಿದ್ದರೆ ತಲೆಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಮನೆಯವರೆಲ್ಲ ಅದನ್ನು ತಪ್ಪಾಗಿ ತಿಳಿದುಕೊಂಡು, ಜಗಳವಾಡಿ, ಚಹಾ ಕುಡಿದು ಮುಗಿಸಿರುತ್ತಾರೆ. ಮಗಳ ನಿಶ್ಚಯದ ಉಂಗುರದ ವಿಷಯದಲ್ಲೂ ಹಾಗೇ ಆಯಿತು.

ಬ್ಯಾಡ ಅಂದ್ರ ಏನು ಬೇಕು?

ಮೊಬೈಲು ನಮ್ಮ ಕಡೆ ಇನ್ನೂ ಸಾವ್ಕಾರರ ಕಿಸೆಯಲ್ಲಷ್ಟೇ ಇದ್ದ ಕಾಲ. ಹುಡುಗನಿಗೆ ವಾಡಿ ಸ್ಟೇಷನ್ನಿನಲ್ಲಿ ನೌಕರಿ, ಅವನ ತಂದೆ ಇರುವುದು ಚಿತ್ತಾಪುರದಲ್ಲಿ. ಅವರು ಬಂದು ನೋಡಿ ಹೋದ ದಿನದಿಂದ ಮಗಳು ಅಂಗಡಿಗೆ ಊಟದ ಡಬ್ಬಿ ತಂದುಕೊಡುವಾಗ ಕಾರಣವಿಲ್ಲದೆ ನಗುತ್ತಿದ್ದಳು. ಈ ಸಂಬಂಧ ಮುರಿಯದಿರಲಿ ಎಂದು ನಾನು ದಿನಾ ದೀಪ ಹಚ್ಚುವಾಗ ಬೇಡಿಕೊಳ್ಳುತ್ತಿದ್ದೆ.

ಒಂದು ದಿನ ಎದುರಿನ ಎಸ್‌ಟಿಡಿ ಬೂತಿಗೆ ಹುಡುಗನ ಫೋನ್ ಬಂತು.

"ಮಾವಾರ, ನನಗ ಹಾಕೋ ಉಂಗುರ ಹೊಸ ಬಂಗಾರದ್ದು ಬ್ಯಾಡ್ರಿ," ಅಂದ. "ಭೂಮಿ ಬಗದು, ಹೊಳಿಗೆ ವಿಷ ಬಿಟ್ಟು, ಸಣ್ಣ ಹುಡುಗರನ್ನ ಖಣಿಯಾಗ ಇಳಿಸಿ ತಗೀತಾರಂತ ಓದೀನಿ. ಮನ್ಯಾಗ ಹಳೇ ಬಂಗಾರ ಇದ್ರ ಅದನ್ನೇ ಕರಗಿಸಿ ಮಾಡಸ್ರಿ. ಎಲ್ಲಿಂದ ಬಂತು ಅಂತ ಗೊತ್ತಿರಬೇಕು, ಕೊಟ್ಟವರು ಮನಸ್ಸಿನಿಂದ ಕೊಟ್ಟಿರಬೇಕು. ಯಾರನ್ನೋ ಅಳಿಸಿ ಬಂದ ಉಂಗುರಕ್ಕ ನಾ ಬೆರಳು ಚಾಚಂಗಿಲ್ರಿ."

ನಾನು ಹೂಂ ಅಂದು ಮನೆಗೆ ಬಂದು ಹೇಳಿದೆ. ಹೆಂಡತಿ ಎದೆ ಹಿಡಿದುಕೊಂಡು ಕೂತಳು. ಅದಕ್ಕೂ ಕಾರಣವಿತ್ತು. ಹಿಂದೊಂದು ಸಂಬಂಧ 'ನಮಗೇನೂ ಬ್ಯಾಡ' ಎಂಬ ಮಾತಿನಿಂದಲೇ ಶುರುವಾಗಿ, ಕಪಾಟು, ಟಿವಿ, ಸೋಫಾ ಎಂದು ಸಾಲು ಹಿಡಿದು, ಕೊನೆಗೆ ಸೈಟಿನ ಹತ್ತಿರ ಬಂದು ಮುರಿದಿತ್ತು. ಗಂಡಿನ ಕಡೆಯವರು ಬೇಡ ಅಂದರೆ ನಮ್ಮ ಮನೆಯಲ್ಲಿ ಅಂದಿನಿಂದ ಎಲ್ಲರಿಗೂ ಹೆದರಿಕೆ.

ಶಹಾಬಾದಿನಿಂದ ಬಾಮೈದ ಓಡಿ ಬಂದ. "ಭಾವಾರ, ನಿಮಗ ತಿಳಿಯಂಗಿಲ್ಲ. ಉಂಗುರ ಬ್ಯಾಡ ಅಂದ್ರ ಮೋಟಾರ್ ಸೈಕಲ್ ಬೇಕಂತ ಅರ್ಥ," ಅಂದು, ತಾನೇ ವಾಡಿಗೆ ಹೋಗಿ ಉಪಾಯದಿಂದ ವಿಚಾರಿಸಿ ಬರುತ್ತೇನೆಂದು ಹೊರಟ. ಸಂಜೆ ಮುಖ ಸಣ್ಣದು ಮಾಡಿಕೊಂಡು ವಾಪಸ್ ಬಂದ. ಹುಡುಗ ಏನಂದ ಅಂತ ಕೇಳಿದೆ.

"ಮೋಟಾರ್ ಸೈಕಲ್ ಭಾಳ ಹೊಗಿ ಬಿಡ್ತದ, ನನಗ ಬ್ಯಾಡ ಅಂದ. ಡ್ಯೂಟಿಗೆ ಸಾದಾ ಸೈಕಲ್ ಮ್ಯಾಲೆ ಹೋಗ್ತಾನಂತ." ಬಾಮೈದ ದನಿ ತಗ್ಗಿಸಿದ. "ಇಂವ ಸಣ್ಣ ಆಸಾಮಿ ಅಲ್ಲ ಭಾವಾರ. ಮೋಟಾರ್ ಸೈಕಲ್ಲೂ ಬ್ಯಾಡ ಅಂತಾನಂದ್ರ, ಕಾರಿನ ಮ್ಯಾಲೆ ಕಣ್ಣದ."

ಪತ್ತಾರನ ತಕ್ಕಡಿ

ನನಗೆ ಮಾತ್ರ ಹುಡುಗನ ದನಿಯಲ್ಲಿ ಕಪಟ ಕಾಣಲಿಲ್ಲ. ದೇವರಿಗೆ ಏರಿಸುವ ಹೂವನ್ನು ಕದ್ದ ಗಿಡದಿಂದ ತರಬಾರದು ಅಂತ ನಾವೇ ಹೇಳುವುದಿಲ್ಲವೇ, ಉಂಗುರಕ್ಕೂ ಅವನು ಅದನ್ನೇ ಕೇಳುತ್ತಿದ್ದಾನೆ ಅಂತ ನಿಧಾನಕ್ಕೆ ತಲೆಗೆ ಹೋಯಿತು. ಮರುದಿನ ಸ್ನಾನ, ಪೂಜೆ ಮುಗಿಸಿ ನಮ್ಮ ಪತ್ತಾರನ ಅಂಗಡಿಗೆ ಹೋದೆ. ಯಾರನ್ನೂ ಅಳಿಸದೆ ಬಂದ ಹಳೇ ಬಂಗಾರ ಇದ್ದರೆ ಒಂದು ಉಂಗುರಕ್ಕಾಗುವಷ್ಟು ಕೊಡು ಅಂದೆ.

ಪತ್ತಾರ ಊದುತ್ತಿದ್ದ ಕೊಳವೆ ಕೆಳಗಿಟ್ಟು ನನ್ನನ್ನೇ ನೋಡಿದ. ಮೈಯಲ್ಲಿ ಹುಷಾರಿದೆಯೇ ಅಂತ ವಿಚಾರಿಸಿದ. ಇದೆ ಅಂದೆ.

"ಅಂಥಾ ಬಂಗಾರ ನಾ ಹುಟ್ಟಿದಾಗಿಂದ ನೋಡಿಲ್ರಿ," ಅಂದ. "ಕೊಳ್ಳೋವಾಗ ಗಂಡ ಅಳ್ತಾನ, ಮಾರೋವಾಗ ಹೆಣ್ತಿ ಅಳ್ತಾಳ."

"ನಡುವ ನೀ ಏನು ಮಾಡ್ತಿ?"

"ಇಬ್ಬರನ್ನೂ ಸಮಾಧಾನ ಮಾಡಿ, ತೂಗ್ತೀನಿ."

ಮನೆಯಲ್ಲೇ ಇದ್ದದ್ದು ತಂದರೆ ನನ್ನ ಕಣ್ಣೆದುರೇ ಕರಗಿಸಿ ಕೊಡುವುದಾಗಿ ಒಪ್ಪಿಕೊಂಡ. ನಾನು ಚಪ್ಪಲಿ ಮೆಟ್ಟುವಾಗ ಹಿಂದಿನಿಂದ ಹೇಳಿದ: "ಅಮ್ಮಾರನ್ನ ಕೇಳಿ ತರ್ರಿ. ಇಲ್ಲಂದ್ರ ಈ ಸಲ ಅಳೋರು ನೀವೇ ಆಗ್ತೀರಿ."

ಪರ್ಸಿ ಉಂಗುರ

ಇಷ್ಟರಲ್ಲಿ ನನ್ನ ಮಾತು ಕೇಳಿ ಬಾಮೈದನಿಗೂ ಹುಡುಗನ ಮೇಲೆ ನಂಬಿಕೆ ಬಂದಿತ್ತು, ಅದೂ ಅಗತ್ಯಕ್ಕಿಂತ ಜಾಸ್ತಿ. ಅವನದು ಶಹಾಬಾದಿನಲ್ಲಿ ಪರ್ಸಿ ಕಲ್ಲು ಕೊರೆದು ಪಾಲಿಶ್ ಮಾಡುವ ಮಷೀನು. ನಮ್ಮ ಕಡೆ ಮನೆ ನೆಲ, ಮಾಳಿಗೆ, ಕಟ್ಟೆ ಎಲ್ಲ ಈ ಪರ್ಸಿಯದೇ. ಬಂಗಾರದ ಗೊಡವೆಯೇ ಬೇಡ, ನಮ್ಮ ನೆಲದ ಕಲ್ಲು ಇರುವಾಗ ಯಾವ ಹೊಳೆಗೂ ವಿಷವಿಲ್ಲ ಅಂದು, ಕಾಗದದಲ್ಲಿ ಸುತ್ತಿದ ಒಂದು ವಸ್ತು ಬಿಚ್ಚಿದ. ಪರ್ಸಿಯ ಉಂಗುರ. ಬಣ್ಣ ಚೆನ್ನಾಗಿತ್ತು, ದಪ್ಪ ಮಾತ್ರ ಹೊಸ್ತಿಲಿನದು.

ಬೆರಳಿಗೆ ಹೇಗೆ ಕಾಣುತ್ತದೆಂದು ತಾನೇ ಹಾಕಿಕೊಂಡು ತೋರಿಸಿದ. ಹೋದ ಉಂಗುರ ವಾಪಸ್ ಬರಲಿಲ್ಲ. ಎಣ್ಣೆ ಹಚ್ಚಿದೆವು, ಸೋಪು ಹಚ್ಚಿದೆವು, ಹೆಂಡತಿ ದೇವರ ಮುಂದಿನ ತುಪ್ಪವನ್ನೂ ತಂದಳು. ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಪತ್ತಾರನನ್ನು ಕರೆಸಿದರೆ ಅವನು ನೋಡಿ, ಇದು ನನ್ನ ಕೆಲಸವಲ್ಲ, ಗೌಂಡಿಯನ್ನು ಕರೆಯಿರಿ ಅಂದು ಹೋದ. ಕೊನೆಗೆ ಕಟ್ಟೆ ಕಟ್ಟುವ ಗೌಂಡಿ ಬಂದು ಅವನ ಕೈಯನ್ನು ರುಬ್ಬುವ ಕಲ್ಲಿನ ಮೇಲಿಟ್ಟು, ಉಳಿ ಹಿಡಿದು, ಕಣ್ಣು ಮುಚ್ಚಿಕೋ ಅಂದ. ಮುಚ್ಚಿಕೊಂಡದ್ದು ನಾವೆಲ್ಲರೂ.

ಉಂಗುರ ಒಡೆಯಿತು, ಬೆರಳು ಉಳಿಯಿತು. ಆಗ ಮಗಳು ಮೆಲ್ಲಗೆ ಕೇಳಿದಳು: "ಮಾಮಾ, ಆ ಕಲ್ಲು ಕೊರಿಯೋರು ಧೂಳು ಕುಡದು ಕೆಮ್ಮತಾರಲ್ಲ, ಅದು ನಿನಗ ಕೇಳಸಂಗಿಲ್ಲೇನು?" ಬಾಮೈದ ಬೆರಳು ನೀವಿಕೊಂಡ. ಉಂಗುರ ಗಟ್ಟಿಮುಟ್ಟಾಗಿತ್ತು ಅನ್ನುವುದನ್ನಾದರೂ ಒಪ್ಪಿಕೊಳ್ಳಿ ಅಂದ.

ಅವನ ಅಕ್ಕ ಚೂರುಗಳನ್ನು ಗುಡಿಸುತ್ತ ಹೇಳಿದಳು: "ಖರೆ. ಇದು ಹಾಕಿದ್ರ ಮದುವಿ ಮುರಿಯಂಗಿಲ್ಲ. ಬೆರಳು ಮುರೀತದ."

ಕಾಗಿ ಒಯ್ದ ಬುಗುಡಿ

ಉಳಿದದ್ದು ಮನೆಯ ಬಂಗಾರ. ಹೆಂಡತಿಯನ್ನು ಕೇಳಿದೆ. ಬೇಕಾದರೆ ಬಳೆ ಬಿಚ್ಚಿ ಕೊಡುತ್ತೇನೆ, ಆದರೆ ಮನಸ್ಸಿನಿಂದ ಕೊಟ್ಟೆ ಅಂತ ಹುಡುಗನ ಮುಂದೆ ಸುಳ್ಳು ಹೇಳಲಾರೆ ಅಂದಳು. ಅವಳು ಸತ್ಯವಂತೆ ಅಂತ ಒಪ್ಪಿಕೊಂಡೆ.

ಅವ್ವನ ಹತ್ತಿರ ಹೋದೆ. ಅವ್ವ ಸಂತೋಷದಿಂದ ಟ್ರಂಕಿನ ತಳದಿಂದ ಒಂದು ಬಂಗಾರದ ಬುಗುಡಿ ತೆಗೆದುಕೊಟ್ಟಳು. ಹಿಂದಿನ ಕಾಲದ ಹೆಂಗಸರು ಕಿವಿಯ ಮೇಲಂಚಿಗೆ ಹಾಕುತ್ತಿದ್ದರಲ್ಲ, ಅದು. ಅತ್ತೆ ಪ್ರೀತಿಯಿಂದ ಕೊಟ್ಟದ್ದು ಅಂದಳು. ನಾನು ನಿಧಾನದ ಮನುಷ್ಯ, ಬಾಗಿಲ ತನಕ ಹೋದ ಮೇಲೆ ತಲೆಗೆ ಬಂತು. ತಿರುಗಿ ಬಂದು ಕೇಳಿದೆ: "ಅವ್ವಾ, ಪ್ರೀತಿಯಿಂದ ಕೊಟ್ಟವರು ಒಂದೇ ಕಿವಿಗೆ ಯಾಕ ಕೊಟ್ರು?"

ಅವ್ವ ಜಪಮಾಲೆ ತಿರುಗಿಸಿದಳು. ಇದು ಒಳ್ಳೆಯ ಕಾರ್ಯಕ್ಕೆ ಹೋಗುವ ಬಂಗಾರ, ಹುಡುಗ ಕಥೆ ಕೇಳಿದರೆ ನಾನು ಸುಳ್ಳು ಹೇಳಬೇಕಾಗುತ್ತದೆ ಅಂದೆ. ಆಗ ನಿಜ ಹೊರಗೆ ಬಂತು.

ಅವ್ವ ಸಣ್ಣ ಸೊಸೆಯಾಗಿದ್ದ ಕಾಲಕ್ಕೆ ಮನೆಯವರೆಲ್ಲ ಮಳಖೇಡದಲ್ಲಿ ಒಟ್ಟಿಗೆ ಇದ್ದರು. ಅತ್ತೆ ಬುಗುಡಿ ಜೋಡಿಯನ್ನು ಕೊಟ್ಟದ್ದು ಹಿರಿಯ ಸೊಸೆಗೆ, ಅಂದರೆ ನನ್ನ ದೊಡ್ಡವ್ವನಿಗೆ. ಅವ್ವನಿಗೆ ಕೊಟ್ಟದ್ದು ಆಶೀರ್ವಾದ. ಒಂದು ದಿನ ದೊಡ್ಡವ್ವ ತಲೆ ಎರೆದುಕೊಳ್ಳಲು ಬುಗುಡಿ ಬಿಚ್ಚಿಡುವಾಗ ಒಂದು ಉರುಳಿತು.

"ಉರುಳಿಕೋತ ನನ್ನ ಕಡೀನೇ ಬಂತು. ಹೊರಗ ಹೋಗಬಾರ್ದಂತ ಕಾಲಿಟ್ಟೆ. ತೆಗಿಬೇಕಂತನೇ ಮಾಡಿದ್ದೆ ತಮ್ಮಾ. ಅಷ್ಟ್ರಾಗ ಎಲ್ಲಾರೂ ಬಂದು ಹುಡುಕಲಿಕತ್ರು. ಅಷ್ಟು ಮಂದಿ ಮುಂದ ಕಾಲು ಹ್ಯಾಂಗ ಎತ್ತಲಿ?"

ಕಾಗೆ ಒಯ್ದಿತು ಅಂತ ಮನೆಯಲ್ಲಿ ತೀರ್ಮಾನವಾಯಿತಂತೆ. ಬುಗುಡಿ ಹಿಟ್ಟಿನ ಗಡಿಗೆಯೊಳಗೆ ಸೇರಿತು. ಒಂದನ್ನೇ ಹಾಕಿಕೊಳ್ಳುವಂತಿಲ್ಲ, ತೋರಿಸುವಂತಿಲ್ಲ. ಮತ್ತೆ ಕಾಗೆ ಅಂತ ಮೊದಲು ಹೇಳಿದವರು ಯಾರು ಅಂತ ಕೇಳಿದೆ.

ಅವ್ವ ಕಣ್ಣು ಮುಚ್ಚಿಕೊಂಡು ಅಂದಳು: "ಅದೂ ನಾನೇ. ಪಾಪ, ಆ ಮನ್ಯಾಗ ಅಮಾಸಿ ದಿನಾನೂ ಕಾಗಿಗೆ ಅನ್ನ ಇಡೋದು ಬಿಟ್ರು."

ಚಿಂಚೋಳಿಯ ದೊಡ್ಡವ್ವ

ಬುಗುಡಿ ದೊಡ್ಡವ್ವನದು, ಅವಳೇ ಮನಸ್ಸಿನಿಂದ ಕೊಡಬೇಕು ಅಂದೆ. ಕಸ ತೆಗೆಯುವಾಗ ಇಲಿ ಬಿಲದಲ್ಲಿ ಸಿಕ್ಕಿತು ಅಂತ ಹೇಳು, ನನ್ನ ಹೆಸರು ತರಬೇಡ ಎಂದು ಅವ್ವ ಆಣೆ ಹಾಕಿ ಕಳಿಸಿದಳು. ಬುಗುಡಿ ಕಿಸೆಯಲ್ಲಿಟ್ಟುಕೊಂಡು, ದೊಡ್ಡವ್ವ ಈಗ ಇರುವ ಚಿಂಚೋಳಿಯ ಬಸ್ಸು ಹತ್ತಿದೆ. ಸುಳ್ಳು ಹೇಳಿದರೆ ಉಂಗುರ ಕೆಡುತ್ತದೆ, ನಿಜ ಹೇಳಿದರೆ ಅವ್ವನ ಮಾನ ಹೋಗುತ್ತದೆ, ಏನೂ ಹೇಳದಿದ್ದರೆ ಹುಡುಗ ಬೆರಳು ಚಾಚುವುದಿಲ್ಲ. ದಾರಿಯುದ್ದಕ್ಕೂ ನಾಮಸ್ಮರಣೆ ಮಾಡಿದೆ. ಕಂಡಕ್ಟರ್ ಬಂದು ಟಿಕೆಟ್ ಕೇಳಿದರೆ ಅವನಿಗೂ ಗೋವಿಂದಾ ಅಂದೆ.

ದೊಡ್ಡವ್ವ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದಳು. ನಾನು ಬುಗುಡಿಯನ್ನು ಅಂಗೈಯಲ್ಲಿಟ್ಟು ಚಾಚಿದೆ. ದೊಡ್ಡವ್ವ ನೋಡಿ ಕೇಳಿದಳು: "ಏನಪಾ, ನಿಮ್ಮವ್ವ ಕಡೀಕೂ ಕಾಲು ಎತ್ತಿದಳೇನು?"

ನಾನು ಕಟ್ಟೆಯ ಮೇಲೆ ಅವಳ ಪಕ್ಕ ಕೂತೆ. ನಿನಗೆ ಹೇಗೆ ಗೊತ್ತು ಅಂತ ಕೇಳಿದೆ.

"ಅವತ್ತು ಎಲ್ಲಾರೂ ನಡು ಬಗ್ಗಿಸಿ, ಮೂಲಿ ಮೂಲಿ ತಿರುಗಿ ಹುಡುಕಿದ್ರು. ನಿಮ್ಮವ್ವ ಒಬ್ಬಾಕಿ ನಿಂತಲ್ಲೇ ನಿಂತು ಹುಡುಕಿದಳು."

ಹಾಗಾದರೆ ಆಗಲೇ ಯಾಕೆ ಕೇಳಲಿಲ್ಲ ಅಂದೆ. ದೊಡ್ಡವ್ವ ಸುಣ್ಣ ಹಚ್ಚುತ್ತ ನಕ್ಕಳು. ಕೇಳಿದ್ದರೆ ಬುಗುಡಿ ಸಿಗುತ್ತಿತ್ತು, ಅಷ್ಟೇ. ಕೇಳದೆ ಬಿಟ್ಟದ್ದಕ್ಕೆ ಅಂದಿನಿಂದ ಆ ಮನೆ ಬಿಡುವ ತನಕ ಕಾಗಿಣಾ ಹೊಳೆಯಿಂದ ನೀರು ತಂದವಳು ನಿಮ್ಮವ್ವ, ರೊಟ್ಟಿ ಬಡಿದವಳು ನಿಮ್ಮವ್ವ, ನಾನು ಏನು ಹೇಳಿದರೂ 'ಆಗಲಿ ಅಕ್ಕಾ' ಅಂದವಳೂ ನಿಮ್ಮವ್ವ ಅಂದಳು.

ಉಂಗುರದ ವಿಷಯ ಕೇಳಿ, ಬುಗುಡಿಯನ್ನು ಕಣ್ಣಿಗೊತ್ತಿಕೊಂಡು ನನ್ನ ಕೈಗೇ ವಾಪಸ್ ಇಟ್ಟಳು. "ಮನಸ್ಸಿನಿಂದ ಕೊಟ್ಟೀನಿ, ಒಯ್ಯಿ. ನಿಶ್ಚಯಕ್ಕ ನಾನೂ ಬರ್ತೀನಿ. ಆದ್ರ ನನಗ ಗೊತ್ತಿತ್ತು ಅಂತ ಆಕಿಗೆ ಹೇಳಬ್ಯಾಡ. ಇನ್ನೂ ಸ್ವಲ್ಪ ಕೆಲಸ ಅದ ಆಕಿ ಹತ್ರ."

ನಿಶ್ಚಯದ ದಿನ

ಪತ್ತಾರ ನನ್ನೆದುರೇ ಬುಗುಡಿ ಕರಗಿಸಿ ಉಂಗುರ ಮಾಡಿಕೊಟ್ಟ. ನಿಶ್ಚಯದ ದಿನ ಸೇಡಂನ ನಮ್ಮ ಮನೆಯಲ್ಲಿ ಜಮಖಾನೆ ಹಾಸಿ ಎರಡೂ ಕಡೆಯವರು ಕೂತರು. ದೊಡ್ಡವ್ವ ಮುಂದೆ ಕೂತಿದ್ದಳು. ಅವ್ವ ಬಾಗಿಲ ಸಂದಿಯಲ್ಲಿ, ದೊಡ್ಡವ್ವನ ಕಣ್ಣಿಗೆ ಬೀಳದ ಹಾಗೆ.

ನಾನು ಉಂಗುರ ಹಿಡಿದಾಗ ಹುಡುಗ ಮೆಲ್ಲಗೆ, ಇದರ ಕಥೆ ಏನು ಮಾವಾರ ಅಂತ ಕೇಳಿದ. ಅವ್ವನ ಜಪಮಾಲೆ ನಿಂತಿತು. ಬಂಗಾರ ನಮ್ಮ ಮನೆತನದ್ದು, ಯಾರದೋ ಅವರೇ ಕಣ್ಣಿಗೊತ್ತಿಕೊಂಡು ಕೊಟ್ಟಿದ್ದಾರೆ ಅಂದೆ. ಇದರಲ್ಲಿ ಸುಳ್ಳಿರಲಿಲ್ಲ. ಹುಡುಗ ಬೆರಳು ಚಾಚಿದ. ನನ್ನ ಹೆಂಡತಿ ಉಸಿರು ಬಿಟ್ಟದ್ದು ಹೊರಗಿನ ಚಪ್ಪರಕ್ಕೂ ಕೇಳಿಸಿತು.

ಇನ್ನು ಮಗಳ ಸರದಿ. ಹುಡುಗನ ತಂದೆ, ನಮ್ಮ ಬೀಗರು, ಕೆಂಪು ಡಬ್ಬಿ ತೆರೆದರು. ಒಳಗೆ ಕಣ್ಣು ಕುಕ್ಕುವ ಉಂಗುರ. ಕಲಬುರ್ಗಿಯ ದೊಡ್ಡ ಅಂಗಡಿಯದು, ಹೊಚ್ಚ ಹೊಸದು ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು.

ಮಗಳು ಚಾಚಿದ್ದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ತಲೆ ಎತ್ತದೆ ಹುಡುಗನಿಗೆ ಕೇಳಿದಳು: "ನಿಮ್ಮ ಉಂಗುರದ ಕಥಿ ನಮ್ಮಪ್ಪ ಚಿಂಚೋಳಿ ತನಕ ಹೋಗಿ ತಂದಾರ. ಇದರ ಕಥಿ ಯಾರು ತಂದಾರ್ರಿ?"

ಹುಡುಗ ಬೆವರಿದ. ಜಗತ್ತಿನ ಖಣಿಗಳನ್ನೆಲ್ಲ ಎದುರು ಹಾಕಿಕೊಂಡಿದ್ದ ಹುಡುಗ ತನ್ನ ಅಪ್ಪನ ಮುಂದೆ ಬಾಯಿಯೇ ಬಿಟ್ಟಿರಲಿಲ್ಲ. ಬೀಗರು ಮುಖ ಕೆಂಪಗೆ ಮಾಡಿಕೊಂಡು, ಹೊಸ ಬಂಗಾರ ಬೇಡ ಅನ್ನುವ ಹೆಣ್ಣನ್ನು ಎಲ್ಲೂ ನೋಡಿಲ್ಲ ಅಂದರು. ಪೂಜೆಗೆ ಬಂದಿದ್ದ ಐನೋರು ಮುಹೂರ್ತ ಮೀರುತ್ತಿದೆ ಅಂದರು. ಬಾಮೈದ ನನ್ನ ಕಿವಿಯಲ್ಲಿ, ಇನ್ನೊಂದು ಪರ್ಸಿ ಉಂಗುರ ಕಿಸೆಯಲ್ಲೇ ಇದೆ ಅಂದ. ಸಂಬಂಧ ಮುರಿದೇ ಹೋಯಿತು ಅಂದುಕೊಂಡೆ.

ಆಗ ದೊಡ್ಡವ್ವ ಎಲೆ ಅಡಿಕೆಯ ಸಂಚಿ ಬಿಚ್ಚಿ ಒಂದು ಬುಗುಡಿ ತೆಗೆದು ಹುಡುಗನ ಕೈಗೆ ಕೊಟ್ಟಳು.

"ಇದನ್ನ ಆಕಿ ಅಂಗೈಯಾಗ ಇಡಪಾ. ಉಂಗುರ ಆಮ್ಯಾಲೆ ಮಾಡಸ್ರಿ. ನಿನ್ನ ಬೆರಳಾಗಿಂದು ಇದರ ಜೋಡಿ."

ಜೋಡಿ ಇಷ್ಟು ದಿನ ಬೇರೆ ಬೇರೆ ಎಲ್ಲಿದ್ದವು ಅಂತ ಬೀಗರು ಅನುಮಾನದಿಂದ ಕೇಳಿದರು.

"ಒಂದು ಕಾಗಿ ಒಯ್ದಿತ್ತು," ಅಂದಳು ದೊಡ್ಡವ್ವ. "ಕಾಗಿ ಅಲ್ಲಿ ಬಾಗಿಲ ಸಂದ್ಯಾಗ ಕುಂತದ ನೋಡ್ರಿ, ಜಪಮಾಲಿ ಹಿಡಕೊಂಡು."

ಎಲ್ಲರೂ ತಿರುಗಿದರು. ಅವ್ವ ಎದ್ದು ಬಂದಳು. ಅತ್ತಾಳು ಅಂದುಕೊಂಡೆ, ಅಳಲಿಲ್ಲ. "ಗೊತ್ತಿದ್ದೂ ನನ್ನ ಕೈಲಿ ಅಷ್ಟು ನೀರು ಹೊರಿಸಿದಿ ಅಕ್ಕಾ?" ಅಂದಳು. ದೊಡ್ಡವ್ವ ಹೂಂ ಅಂದಳು. "ಹಂಗಾದ್ರ ಬುಗುಡಿ ಲೆಕ್ಕ ಮುಗೀತು," ಅಂದು ಅವ್ವ ಅವಳ ಪಕ್ಕದಲ್ಲೇ ಕೂತಳು. ಮೊದಲು ನಕ್ಕವರು ಐನೋರು. ಹುಡುಗ ಬುಗುಡಿಯನ್ನು ಮಗಳ ಅಂಗೈಯಲ್ಲಿಟ್ಟ, ಅವಳು ಮುಷ್ಟಿ ಮುಚ್ಚಿದಳು. ನಿಶ್ಚಯವಾಯಿತು.

ಬೀಗರು ಮಾತ್ರ ಹೊಸ ಉಂಗುರ ಹಿಡಿದುಕೊಂಡೇ ಕೂತಿದ್ದರು. ಅಂಗಡಿಯವರು ವಾಪಸ್ ತಗೊಳ್ಳುವುದಿಲ್ಲ, ಇದನ್ನು ನಾನು ಏನು ಮಾಡಲಿ ಅಂತ ಸಂಕಟಪಟ್ಟರು.

ಅವ್ವ ಸಮಾಧಾನದಿಂದ ಕೈ ಚಾಚಿದಳು. "ಇಲ್ಲಿ ಕೊಡ್ರಿ ಬೀಗರ. ನಮ್ಮ ಹಿಟ್ಟಿನ ಡಬ್ಬ್ಯಾಗ ಹಾಕಿ ಮರೀತೀನಿ. ನಿಮ್ಮ ಮೊಮ್ಮಗನ ನಿಶ್ಚಯಕ್ಕ ಹಳೇ ಬಂಗಾರ ಆಗಿರ್ತದ."

ಬೀಗರು ಆ ಉಂಗುರವನ್ನು ಒಳಗಿನ ಕಿಸೆಯಲ್ಲಿಟ್ಟು, ಮೇಲೆ ಗುಂಡಿ ಹಾಕಿಕೊಂಡರು. ಊಟಕ್ಕೆ ಕೂತಾಗಲೂ ಎಡಗೈಯನ್ನು ಎದೆಯ ಮೇಲಿಂದ ತೆಗೆಯಲಿಲ್ಲ.