ಹುಳುಮನೆಯಲ್ಲಿ ಹಳ್ಳದ ಭಾಷಣ

ಡೆಂಗೆ ಜ್ವರ, ಕುಸಿಯಬಹುದಾದ ಸೇತುವೆ, ಎದೆಯ ಎಡಗಡೆ ಆಗಾಗ ಬರುವ ಚಳುಕು, ಇವುಗಳ ಬಗ್ಗೆ ನಾನು ದಿನವೂ ಚಿಂತಿಸುತ್ತೇನೆ. ಆದರೆ ಜನರನ್ನು ಒಪ್ಪಿಸುವ ನನ್ನ ಶಕ್ತಿಯ ಬಗ್ಗೆ ಮಾತ್ರ ಎಳ್ಳಷ್ಟೂ ಚಿಂತೆ ಇರಲಿಲ್ಲ. ಅಲ್ಲೇ ಎಡವಟ್ಟಾಯಿತು.

ಶಿಡ್ಲಘಟ್ಟದ ಕಡೆಯ ನಮ್ಮೂರ ಹಳ್ಳ, ಕೆರೆ ತುಂಬಿಸಿ ಪಾಪಾಗ್ನಿ ನದಿಗೆ ಸೇರಬೇಕಾದದ್ದು. ದಂಡೆಯ ಮರಗಳೆಲ್ಲ ಹೋಗಿ, ಮಳೆ ಬಂದರೆ ನೀರಿಗಿಂತ ಮಣ್ಣೇ ಹೆಚ್ಚು ಹರಿಯುತ್ತಿತ್ತು. ಎರಡೂ ದಂಡೆಯ ಜಮೀನಿನವರು ಅಂಚಿನಲ್ಲಿ ಒಂದೊಂದು ಪಟ್ಟಿ ಜಾಗ ಬಿಟ್ಟು, ಹೊಂಗೆ, ಅತ್ತಿ, ನೇರಳೆ ನೆಡುವುದೆಂದು ಊರಲ್ಲಿ ಮಾತಾಯಿತು. ಎಲ್ಲರೂ ಸಿದ್ಧರಿದ್ದರು, ಮುನಿಯಮ್ಮಕ್ಕ ಜಾಗ ಬಿಟ್ಟುಕೊಟ್ಟರೆ ತಾವೂ ಬಿಡುತ್ತೇವೆ ಎನ್ನುವಷ್ಟು. ಹಳ್ಳ ತಿರುಗುವಲ್ಲಿ, ನನ್ನ ಹೊಲದ ಎದುರು ದಂಡೆಯಲ್ಲಿ ಅವರ ಹಿಪ್ಪುನೇರಳೆ ತೋಟ. ಮಣ್ಣು ಹೆಚ್ಚಾಗಿ ಕುಸಿಯುವುದೂ ಅಲ್ಲೇ. ಆದರೆ ಒಂದು ಸಾಲು ಗಿಡ ಹೋದರೆ ಅಷ್ಟು ಸೊಪ್ಪು ಹೋಯಿತು. ಅವರ ಮನೆ ನಡೆಯುತ್ತಿದ್ದದ್ದೇ ಆ ಸೊಪ್ಪು ತಿನ್ನುವ ರೇಷ್ಮೆ ಹುಳುಗಳಿಂದ.

ಒಪ್ಪಿಸುವ ಹೊಣೆಯನ್ನು ನಾನೇ ಎದ್ದು ನಿಂತು ಹೊತ್ತೆ. ಹೆಂಡತಿ ತಡೆದಳು.

"ರೀ, ಅಕ್ಕನ ಹುಳ ಈಗಷ್ಟೇ ನಾಲ್ಕನೇ ಜ್ವರ ಎದ್ದಿವೆ. ಗೂಡು ಕಟ್ಟೋವರೆಗೂ ಆ ಕಡೆ ತಲೆ ಹಾಕ್ಬೇಡಿ."

ಹುಳು ಪೊರೆ ಬಿಡುವುದನ್ನು ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯದು ಎದ್ದ ಮೇಲೆ ಅವು ಹಗಲೂ ರಾತ್ರಿ ತಿನ್ನುತ್ತವೆ. ಆಗ ಹೊರಗಿನವರು ಹುಳುಮನೆಗೆ ಕಾಲಿಡುವಂತಿಲ್ಲ. ನಾನೇನು ಹೊರಗಿನವನೇ? ಹುಳುಗಳ ನಡುವೆಯೇ ಬೆಳೆದವನು. ಹುಳುಗಳಿಗೆ ವಾಸನೆ ಆಗದೆಂದು ಅಗರಬತ್ತಿ ಮುಟ್ಟಲಿಲ್ಲ, ಪೌಡರ್ ಹಾಕಲಿಲ್ಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಬ್ಲೀಚಿಂಗ್ ಪೌಡರಿನ ನೀರಲ್ಲಿ ಕಾಲು ತೊಳೆದು, ಸುಣ್ಣ ತುಳಿದೇ ಒಳಗೆ ಹೋದೆ. ಇಂಥ ಶಿಸ್ತನ್ನು ಕಂಡು ಮುನಿಯಮ್ಮಕ್ಕನೂ ಬೇಡವೆನ್ನಲಿಲ್ಲ.

ಭಾಷಣ ಶುರುಮಾಡಿದೆ. ಬೇರು ಮಣ್ಣು ಹಿಡಿಯುವುದು, ಮೀನು ಮರಳುವುದು, ಮೊಮ್ಮಕ್ಕಳು ಈಜುವುದು. ಸಲಿಗೆ ಬೆಳೆಯಲೆಂದು ಮಾತಾಡುತ್ತಲೇ ನಾನೂ ಹುಳುಗಳ ತಟ್ಟೆತಟ್ಟೆಗೆ ಸೊಪ್ಪು ಹಾಕಿದೆ. ಮೀನಿನ ವಿಷಯ ಮುಗಿಸುವಷ್ಟರಲ್ಲಿ ಹುಳುಗಳು ತಲೆ ಎತ್ತಿ ಅತ್ತಿತ್ತ ಆಡಿಸತೊಡಗಿದವು. ನನ್ನ ಮಾತಿಗೆ ತಲೆದೂಗುತ್ತಿವೆ ಎಂದುಕೊಂಡೆ.

ಅವು ವಾಂತಿ ಮಾಡಿದವು.

ಮುನಿಯಮ್ಮಕ್ಕ ನನ್ನ ಕೈ ಹಿಡಿದು ಮೂಸಿದರು. "ಏನು ಹಚ್ಕೊಂಡಿದೀಯ ನಾಯನಾ?"

"ಸೊಳ್ಳೆ ಮುಲಾಮಕ್ಕ. ಹಳ್ಳ ದಾಟಿ ಬರ್ಬೇಕಿತ್ತಲ್ಲ, ಡೆಂಗೆ…"

ಕಾಲು ತೊಳೆದಿದ್ದೆ. ಕೈ ತೊಳೆದಿರಲಿಲ್ಲ. ಮಾಡಿದ್ದು ಸಾಲದೆಂದು, ವಾಸನೆ ಹೋಗಲಿ ಅಂತ ಓಡಿ ಫ್ಯಾನ್ ಹಾಕಿದೆ. ಅದು ಹಾಳಾದ ತಟ್ಟೆಗಳ ಕಡೆಯಿಂದ ಚೆನ್ನಾಗಿದ್ದ ತಟ್ಟೆಗಳ ಕಡೆಗೆ ಬೀಸಿತು. ಅಕ್ಕ ಸ್ವಿಚ್ ಆರಿಸಿ, ನನ್ನನ್ನು ಹೊರಗೆ ಕಳಿಸಿ, ಉಳಿದ ತಟ್ಟೆಗಳನ್ನು ಪಕ್ಕದ ಕೋಣೆಗೆ ಸಾಗಿಸಿದರು.

ತೋಟದ ಮೂಲೆಯಲ್ಲಿ ನಾನು ಗುಂಡಿ ತೋಡಿದೆ. ಸತ್ತ ಹುಳುಗಳನ್ನು ಅವರು ಮೊರದಲ್ಲಿ ತಂದು ಸುರಿದರು. ಸುರಿಯುವಾಗಲೂ ಅಲುಗಾಡಿಸದೆ, ಮೆತ್ತಗೆ. ಮೇಲೆ ಸುಣ್ಣ ಉದುರಿಸಿ ಮಣ್ಣು ಮುಚ್ಚಿದೆ. ಹಳ್ಳವೂ ಹೋಯಿತು, ಅಕ್ಕನ ಬೆಳೆಯೂ ಹೋಯಿತು ಎಂದು ತಲೆ ತಗ್ಗಿಸಿ ಹೊರಟೆ.

"ಜಾಗ ಬಿಡ್ತೀನಿ ಅಂತ ಹೇಳು ನಿಮ್ಮೋರಿಗೆ" ಎಂದರು ಹಿಂದಿನಿಂದ.

ತಿರುಗಿ ನೋಡಿದೆ.

"ಮರ ಒತ್ತಾಗಿ ನೆಡ್ಲಿ. ನಿನ್ನ ಹೊಲದ ಗಾಳಿ ನನ್ನ ಸೊಪ್ಪಿಗೆ ಸೋಕಬಾರ್ದು. ಔಷಧಿ ಹೊಡೆದ್ರೂ ಅಷ್ಟೆ, ನೀನು ಸುಮ್ನೆ ಬಂದು ನಿಂತ್ರೂ ಅಷ್ಟೆ."

ಪಕ್ಕದ ಕೋಣೆಯ ಹುಳುಗಳು ಬದುಕಿ ಗೂಡು ಕಟ್ಟಿದವು. ಸುದ್ದಿ ಬರುವವರೆಗೆ ನನಗೆ ಅನ್ನ ಸೇರಲಿಲ್ಲ. ಮಿಕ್ಕವರೂ ಮಾತಿನಂತೆ ಜಾಗ ಬಿಟ್ಟರು. ಈಗ ಹೊಂಗೆ ಆಳೆತ್ತರ ಮೀರಿದೆ, ಮಳೆಯಲ್ಲಿ ನೀರು ನೀರಿನ ಬಣ್ಣದಲ್ಲೇ ಹರಿಯುತ್ತದೆ, ಅಕ್ಕನ ದಂಡೆಗೆ ಮಿಂಚುಳ್ಳಿ ಬಂದಿದೆಯಂತೆ. ಹೊಲದಂಚು ಬಿಡಲು ತಕರಾರು ಮಾಡುವ ಮೇಲಿನೂರಿನವರನ್ನು, "ಜಾಗ ಬಿಡ್ತೀರೋ, ಇವ್ರನ್ನ ಮಾತಾಡೋಕೆ ಕಳಿಸಣವೋ?" ಎಂದು ಹಳ್ಳ ನೋಡಿಕೊಳ್ಳುವ ನಮ್ಮೂರ ಸಮಿತಿಯವರು ನನ್ನನ್ನು ತೋರಿಸಿ ಕೇಳುತ್ತಾರೆ. ಕೂಡಲೇ ಬಿಡುತ್ತಾರೆ.

ಮಿಂಚುಳ್ಳಿಯನ್ನು ನಾನು ಕಂಡಿಲ್ಲ. ಅಕ್ಕನ ದಂಡೆಗೆ ಬರಕೂಡದವು ಯಾವುವೆಂದು ಊರು ಒಮ್ಮತದಿಂದ ತೀರ್ಮಾನಿಸಿದೆ: ನೀಲಗಿರಿ, ಕೀಟನಾಶಕ, ನಾನು.