ಒಂದೇ ಅಡುಗೆಮನೆಯ ಪೋರ್ಚುಗೀಸ್ ಸಿನಿಮಾ

ಒಬ್ಬಳೇ ಸಿನಿಮಾಕ್ಕೆ ಹೋಗುವ ಹುಡುಗಿಗೆ ಕತೆ ಪರದೆಯ ಮೇಲಷ್ಟೇ ನಡೆಯುವುದಿಲ್ಲ. ಅಕ್ಕಪಕ್ಕದ ಸೀಟಿನಲ್ಲೂ ಏನಾದರೊಂದು ನಡೆಯುತ್ತಲೇ ಇರುತ್ತದೆ. ನಾನು ಅಮೆರಿಕದ ಯೂನಿಯನ್ ಸಿಟಿಗೆ ಬಂದು ಒಂದೂವರೆ ವರ್ಷವಾಯಿತು. ಮೈಸೂರಿನಲ್ಲಿರುವ ಅಮ್ಮನಿಗೆ "ಇಲ್ಲಿ ತುಂಬಾ ಫ್ರೆಂಡ್ಸ್ ಇದಾರೆ" ಅಂತ ಹೇಳಿಟ್ಟಿದ್ದೇನೆ. ಒಬ್ಬರೂ ಇಲ್ಲ. ಗೊತ್ತಾದರೆ ಅಮ್ಮನಿಗೆ ನಿದ್ದೆ ಬರುವುದಿಲ್ಲ.

೧. ಎರಡು ಟಿಕೆಟ್

ಅದು ನಾಟಕವೊಂದರಿಂದ ಮಾಡಿದ ಪೋರ್ಚುಗೀಸ್ ಸಿನಿಮಾ. ಪೂರ್ತಿ ಒಂದೇ ಅಡುಗೆಮನೆಯಲ್ಲಿ ನಡೆಯುತ್ತದೆ. ಒಬ್ಬ ಗಂಡಸು, ಒಬ್ಬ ಹೆಂಗಸು, ನಡುವೆ ಒಂದು ಮೇಜು. ಪ್ರೀತಿಸುತ್ತೇನೆ ಅನ್ನುವುದೊಂದು ಬಿಟ್ಟು ಮಿಕ್ಕಿದ್ದೆಲ್ಲ ಮಾತಾಡುತ್ತಾರೆ.

ಕೌಂಟರಿನಾಕೆ "ಒಂದೇನಾ?" ಅಂದಳು. ನನ್ನ ಹಿಂದೆ ನಿಂತವರೆಲ್ಲ ಜೋಡಿಗಳು. ನಾಚಿಕೆಯಾಗಿ "ಎರಡು" ಅಂದುಬಿಟ್ಟೆ. ಪಕ್ಕದ ಸೀಟಿನ ಮೇಲೆ ಜಾಕೆಟ್ಟು ಹಾಕಿ ಕೂತೆ.

"ಇಲ್ಲಿ ಯಾರಾದರೂ ಇದ್ದಾರಾ?" ಅಂತ ಒಬ್ಬರು ವಯಸ್ಸಾದವರು ಕೇಳಿದರು.

"ಬರ್ತಾರೆ."

ಸಿನಿಮಾ ಮುಗಿದ ಮೇಲೆ ಅವರೇ ಹುಡುಕಿಕೊಂಡು ಬಂದು ಮೆಲ್ಲಗೆ, "ಬೇಜಾರು ಮಾಡ್ಕೋಬೇಡಮ್ಮ. ಅಂಥವನು ನಿನಗೆ ತಕ್ಕವನೇ ಅಲ್ಲ" ಅಂದರು. ನಾನು ಜಾಕೆಟ್ಟು ಎತ್ತಿಕೊಂಡು, "ಹೌದು, ಬಿಟ್ಟುಬಿಡ್ತೀನಿ" ಅಂದೆ.

೨. ಒಂದೂವರೆ ಸ್ಪೀಡು

ಆಫೀಸಿನಲ್ಲಿ ಹಾಸನದವರೊಬ್ಬರು ನನ್ನ ಎದುರಿಗೇ ಕೂರುತ್ತಾರೆ. ಸೋಮವಾರ ಧೈರ್ಯ ಮಾಡಿ ಅವರಿಗೆ ಈ ಸಿನಿಮಾದ ಕತೆ ಹೇಳಿದೆ. ಶನಿವಾರ ಇನ್ನೊಂದು ಸಲ ಹೋಗೋಣ ಅಂತಿದ್ದೀನಿ, ನೀವೂ ಬರ್ತೀರಾ ಅಂತ ಕೇಳುವುದು ನನ್ನ ಉದ್ದೇಶ.

"ಎರಡು ಗಂಟೆ ಒಂದೇ ರೂಮಲ್ಲಿ ಕೂತು ಏನೂ ಡಿಸೈಡ್ ಮಾಡಲ್ವಾ?" ಅಂದರು.

"ಇಲ್ಲ."

"ಅಯ್ಯೋ, ಅದು ನಮ್ಮ ಸೋಮವಾರದ ಮೀಟಿಂಗು ಕಣ್ರಿ!"

ನಾನು ನಕ್ಕು, "ಮಾತಿನ ಮಧ್ಯದ ಮೌನಾನೇ ಚೆನ್ನಾಗಿದೆ ಅದರಲ್ಲಿ" ಅಂದೆ.

"ಹೌದಾ? ಫೋನಿಗೆ ಬಂದಾಗ ಹೇಳಿ, ಒಂದೂವರೆ ಸ್ಪೀಡಲ್ಲಿ ನೋಡಿಬಿಡ್ತೀನಿ. ಮೌನ ಬೇಗ ಮುಗಿಯುತ್ತೆ."

ನಾನು ಶನಿವಾರದ ಮಾತೆತ್ತದೆ ನನ್ನ ಕಂಪ್ಯೂಟರಿನ ಕಡೆ ತಿರುಗಿಕೊಂಡೆ.

೩. ಅವರಿಗೆ ಫೋನು ಕೊಡು

ಶನಿವಾರ ಸಂಜೆ ಒಬ್ಬಳೇ ಹೋದೆ. ಈ ಸಲ ಟಿಕೆಟ್ಟು ಒಂದೇ. ಸಿನಿಮಾ ಮುಗಿದು ದೀಪ ಹತ್ತಿದ ಕೂಡಲೇ ಅಮ್ಮನ ವಿಡಿಯೋ ಕಾಲು. ಅಲ್ಲಿ ಬೆಳಗಿನ ಕಾಫಿ ಹೊತ್ತು.

"ಯಾರ ಜೊತೆ ಹೋಗಿದ್ದೀಯೆ?"

"ಫ್ರೆಂಡ್ ಜೊತೆ."

"ಕೊಡು ಅವರಿಗೆ, ಮಾತಾಡ್ತೀನಿ."

ನಮ್ಮ ಮನೆಯ ಪದ್ಧತಿ ಇದು. ಹೆಸರು ಹೇಳಿದರೆ ಸಾಲದು, ಫೋನು ಕೈ ಬದಲಾಗಬೇಕು. ಪಕ್ಕದ ಸೀಟಿನಲ್ಲಿ ಒಬ್ಬರು ಪೋರ್ಚುಗೀಸ್ ಅಜ್ಜಿ ಕಣ್ಣೊರೆಸಿಕೊಳ್ಳುತ್ತಿದ್ದರು. "ನಾನು ಫ್ರೆಂಡ್ ಜೊತೆ ಬಂದಿದ್ದೀನಿ ಅಂತ ನಮ್ಮಮ್ಮ ಅಂದುಕೊಂಡಿದ್ದಾರೆ" ಅಂತ ಇಂಗ್ಲಿಷಿನಲ್ಲಿ ಪಿಸುಗುಟ್ಟಿದೆ. ಅಜ್ಜಿ ನನ್ನ ಮುಖ ನೋಡಿದರು, ಫೋನು ಕಸಿದುಕೊಂಡರು.

"ನಮ್ಮ ಹುಡುಗಿಗೆ ಮಾತು ಕಮ್ಮಿ ಕಣಮ್ಮ. ಸರಿಯಾಗಿ ಊಟ ಮಾಡ್ತಾಳಾ?" ಅಂತ ಅಮ್ಮ ಕನ್ನಡದಲ್ಲಿ ಶುರು ಮಾಡಿದರು. ಅಜ್ಜಿ ಎದೆಯ ಮೇಲೆ ಕೈಯಿಟ್ಟು ಪೋರ್ಚುಗೀಸಿನಲ್ಲಿ ಉದ್ದಕ್ಕೆ ಉತ್ತರ ಕೊಟ್ಟರು. ನನ್ನ ರಟ್ಟೆ ಹಿಡಿದು ಅಮ್ಮನಿಗೆ ತೋರಿಸಿದರು. ಅಮ್ಮ "ಅದೇ ನಾನೂ ಹೇಳೋದು!" ಅಂದರು. ಕಾಲು ಗಂಟೆ ಹೀಗೇ ನಡೆಯಿತು. ಕೊನೆಗೆ ಇಬ್ಬರೂ ಕಣ್ಣೊರೆಸಿಕೊಂಡರು.

ಫೋನು ವಾಪಸು ಬಂದಾಗ ಅಮ್ಮ, "ಎಷ್ಟು ಒಳ್ಳೆಯವರೇ! ನಿನ್ನ ಬಗ್ಗೆ ಎಲ್ಲಾ ಹೇಳಿದ್ರು" ಅಂದರು.

"ಏನಂದ್ರು?"

"ಅದು ನಮ್ಮಿಬ್ಬರ ಮಾತು, ನಿನಗ್ಯಾಕೆ? ಅವರ ನಂಬರು ಕಳಿಸು."

ಅಜ್ಜಿಯ ಹತ್ತಿರ ಕೇಳಿ ಕಳಿಸಿದೆ. ಈಗ ಶನಿವಾರ ಸಂಜೆ ಮನೆಗೆ ಫೋನು ಮಾಡಿದರೆ ಅಮ್ಮ ಸಿಗುವುದಿಲ್ಲ. ನನ್ನ ಫ್ರೆಂಡ್ ಜೊತೆ ಬಿಜಿ ಇರುತ್ತಾರೆ.