ನಾಲ್ಕನೇ ಕಳ್ಳ

ಜೀಪು ಸಿಳ್ಳೆ ಹೊಡೆಯಿತು.

ಕುಕ್ಕರಿನ ಸಿಳ್ಳೆಯಲ್ಲ, ಪೊಲೀಸರದೂ ಅಲ್ಲ. ಗಂಟಲು ಕಟ್ಟಿದ ಸೊಳ್ಳೆಯೊಂದು ಹಟಹಿಡಿದು ಹಾಡಲು ಹೊರಟ ಹಾಗಿತ್ತು. ಹಿಂದಿನ ಸೀಟಿನ ಮೇಲೆ ಬಗ್ಗಿ ಕೆಸರು ಒರೆಸುತ್ತಿದ್ದ ಜೀಪಣ್ಣ ಥಟ್ಟನೆ ನೆಟ್ಟಗೆ ನಿಂತ. ಸದ್ದಿಲ್ಲ. ಮತ್ತೆ ಬಗ್ಗಿದ. ಕುಂಯ್ಯ್ಯ್...

"ಸಿಕ್ತು!" ಎಂದು ಕಿರುಚಿದ. "ಅತ್ತೇ, ಕಿವಿ ಸಿಕ್ತು!"

ಬಾಗಿಲಲ್ಲಿ ಕೂತಿದ್ದ ಅತ್ತೆ ತಲೆಯೆತ್ತಿದರು. "ಹಾಲು ಉಕ್ತಾ? ಒಲೆ ಆರಿಸಿಯೇ ಬಂದೆನಲ್ಲ!"

ಕಳೆದದ್ದು ಅವರ ಕಿವಿಗೆ ಹಾಕುವ, ಆಗಾಗ ಸಿಳ್ಳೆ ಹೊಡೆಯುವ ಮಷೀನು. ಮನೆಯಲ್ಲಿ ಎಲ್ಲರೂ ಅದನ್ನು ಕಿವಿ ಎಂದೇ ಕರೆಯುತ್ತಿದ್ದರು. ಭಾನುವಾರ ಜೀಪಣ್ಣ ಮನೆಮಂದಿಯನ್ನೆಲ್ಲ ಗುಡ್ಡದ ಕಚ್ಚಾದಾರಿಯಲ್ಲಿ ಜರಡಿಯೊಳಗಿನ ಕಾಳಿನಂತೆ ಕುಣಿಸಿಕೊಂಡು ಬಂದಿದ್ದ. ಮನೆಗೆ ಬಂದು ನೋಡಿದರೆ ಅತ್ತೆಯ ಕಿವಿ ಕಾಣೆ. ಸೋಮವಾರ ಆಫೀಸಿನ ತರಬೇತಿಗೆಂದು ಪಕ್ಕದ ಊರಿಗೆ ಹೊರಟ ಹೆಂಡತಿ ಗಲಾಟೆ ಮಾಡಲಿಲ್ಲ. ಅದೇ ಭಯ ಹುಟ್ಟಿಸಿದ್ದು. ಚೀಲ ಹೆಗಲಿಗೇರಿಸಿ, "ನಾಳೆ ಸಂಜೆ ನಾನು ಬರೋದ್ರೊಳಗೆ ಅಮ್ಮನ ಕಿವಿ ಸಿಕ್ಕಿರಬೇಕು. ಇಲ್ಲಾಂದ್ರೆ ಜೀಪು ಗುಜರಿಗೆ" ಎಂದಷ್ಟೇ ಹೇಳಿ ಹೋಗಿದ್ದಳು.

ಹಾಗಾಗಿ ಮಂಗಳವಾರ ಜೀಪಣ್ಣ ತಾನು ಕೆಲಸ ಮಾಡುವ ಕನ್ನಡಕದ ಅಂಗಡಿಗೆ ರಜೆ ಹೇಳಿ, ಮೊಳೆಗೆ ನೇತುಹಾಕಿದ್ದ ಹಳೇ ಜರ್ಕಿನ್ ತೊಟ್ಟು ಜೀಪಿನ ಹತ್ತಿರ ಬಂದಿದ್ದ. ಜೀಪು ಕೆಲಸಕ್ಕಲ್ಲದೆ ಬೇರೆ ಯಾವಾಗಲೂ ತೊಡದ ಜರ್ಕಿನ್ ಅದು. ಹರಿದುಹೋಗಿದ್ದ ಅದರ ಒಳಬಟ್ಟೆಯನ್ನು ಅತ್ತೆ ನಿನ್ನೆ ತಾವಾಗಿಯೇ ಹೊಲಿದಿಟ್ಟಿದ್ದರು. ಆಯುಷ್ಯವೆಲ್ಲ ಟೈಲರಿಂಗ್ ಮಾಡಿದ ಕೈ. ಯಾರ ಕಿವಿಯನ್ನು ತಾನು ಕಳೆದನೋ ಅವರೇ ತನ್ನ ಬಟ್ಟೆಗೆ ಹೊಲಿಗೆ ಹಾಕಿದ್ದಾರೆಂದು ಜೀಪಣ್ಣನಿಗೆ ಬೆಳಗಿನಿಂದ ನಾಚಿಕೆಯಾಗಿತ್ತು.

ಈಗ ಜೀಪು ತಾನೇ ಬಾಯಿಬಿಟ್ಟಿತ್ತು. ಆದರೆ ಯಾವ ಬಾಯಿ?

ಅವನ ಮದುವೆಗಿಂತ ಹಳೆಯದಾದ ಆ ಜೀಪಿನಲ್ಲಿ ಕಳ್ಳಜೇಬುಗಳಿದ್ದವು. ಕಾಡುದಾರಿಯಲ್ಲಿ ಗಾಡಿ ನಿಲ್ಲಿಸಿ ನಡೆಯುತ್ತ ಹೋದಾಗ ಸಾಮಾನಿನ ಚಿಂತೆ ಇರಬಾರದೆಂದು, ಕಿಡಿ ಎಂಬ ಅಡ್ಡಹೆಸರಿನ ವೆಲ್ಡರ್ ಜೊತೆ ಕೂತು ಮಾಡಿಸಿದ್ದು. ಹಿಂದಿನ ಸೀಟಿನ ಕೆಳಗೆ ಎರಡು ತಳ. ತುಕ್ಕು ಹಿಡಿದಂತೆ ಕಾಣುವ ಬೋಲ್ಟನ್ನು ಎಳೆದರೆ ಮೇಲಿನ ತಳ ಏಳುತ್ತದೆ. ಹಿಂಬಾಗಿಲ ಎರಡು ತಗಡುಗಳ ನಡುವೆ ಒಂದು ಗೂಡು. ಡ್ಯಾಶ್‌ಬೋರ್ಡಿನಲ್ಲಿ ಎಂದೂ ಹಾಡದ ರೇಡಿಯೋ. ಅದರ ಗುಂಡಿಯನ್ನು ತಿರುಗಿಸದೆ ಒತ್ತಬೇಕು. ಕಿಡಿಯ ಬಾಯಲ್ಲಿ ಸದಾ ಒಂದು ಸ್ಕ್ರೂ ಇರುತ್ತಿದ್ದುದರಿಂದ ಕಳ್ಳಜೇಬು ಎಂದು ಪೂರ್ತಿ ಹೇಳಲು ಆಗುತ್ತಿರಲಿಲ್ಲ. "ಇವನು ದೊಡ್ಡ ಕಳ್ಳ, ಇವನು ಬಾಗಿಲ ಕಳ್ಳ" ಎನ್ನುತ್ತಿದ್ದ. ಗಾಡಿ ಒಪ್ಪಿಸುವ ದಿನ, "ಮಿಕ್ಕ ತಗಡಲ್ಲಿ ನಾಲ್ಕನೇ ಕಳ್ಳ ಒಬ್ಬನ್ನ ಕೂರಿಸಿದ್ದೀನಿ ಸಾರ್. ಹುಡುಕಿ ನೋಡೋಣ" ಎಂದು ಕಣ್ಣು ಹೊಡೆದಿದ್ದ. ಎಷ್ಟು ಹುಡುಕಿದರೂ ಜೀಪಣ್ಣನಿಗೆ ಅದು ಸಿಕ್ಕಿರಲಿಲ್ಲ. ಕೇಳಲು ಮಾನ ಅಡ್ಡ ಬಂದಿತ್ತು.

ಮೊದಲನೆಯದನ್ನು ತೆರೆದ: ಹಗ್ಗ, ಸಲಿಕೆ. ಎರಡನೆಯದು: ಡಾಕ್ಟರು ಮುಟ್ಟಬೇಡವೆಂದಿದ್ದ ಚಾಕೊಲೇಟಿನ ಡಬ್ಬ. ಧೈರ್ಯಕ್ಕೆಂದು ಒಂದು ಬಾಯಿಗೆ ಹಾಕಿಕೊಂಡ. ಮೂರನೆಯದು: ಟಾರ್ಚು, ಅದರ ಮೇಲೊಂದು ಹಲ್ಲಿ. ಕಿವಿ ಇಲ್ಲ. ಬಗ್ಗಿದಾಗಲೆಲ್ಲ ಸಿಳ್ಳೆ, ಎದ್ದರೆ ಮೌನ. ಜೀಪು ತನ್ನನ್ನು ಆಟ ಆಡಿಸುತ್ತಿದೆ ಎನಿಸಿತು.

ಬೇರೆ ದಾರಿಯಿಲ್ಲದೆ ಕಿಡಿಗೆ ಫೋನು ಹಚ್ಚಿದ. ಆ ಕಡೆ ಗ್ರೈಂಡರ್ ಮೊರೆಯುತ್ತಿತ್ತು. ಕೂಗಲೇಬೇಕಾಯಿತು.

"ಹಲೋ ಕಿಡೀ! ಮೂರು ಕಳ್ಳರು ಸಿಕ್ಕಿದ್ರು! ನಾಲ್ಕನೇ ಕಳ್ಳ ಎಲ್ಲೋ? ಹ್ಞಾಂ? ಜೀಪಲ್ಲೇ ಇದ್ದಾನೆ ಕಣೋ, ಸಿಳ್ಳೆ ಹೊಡೀತಿದ್ದಾನೆ! ನಮ್ಮತ್ತೆ ಕಿವಿ ನುಂಗಿಬಿಟ್ಟಿದ್ದಾನೆ! ಕಟ್ಟರ್ ತಗೊಂಡು ಬೇಗ ಬಾ. ಹೊಟ್ಟೆ ಕೊಯ್ದಾದ್ರೂ ತೆಗೀಬೇಕು!"

ಮೇಲಿನ ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ನರ್ಸಮ್ಮನ ಕೈಯಿಂದ ಒದ್ದೆ ಟವೆಲ್ಲು ಜಾರಿ ಕೆಳಗೆ ಬಿತ್ತು.

ಜೀಪಣ್ಣ ಟವೆಲ್ಲನ್ನು ತಲೆಯಿಂದ ತೆಗೆಯುವುದರೊಳಗೆ ಸುದ್ದಿ ಬೀದಿ ದಾಟಿತ್ತು. ಎದುರುಮನೆಯ ವಕೀಲರು ಒಂದು ಕೆನ್ನೆಗೆ ಸೋಪಿನ ನೊರೆ ಹಾಗೇ ಇರುವಂತೆ ಓಡಿಬಂದರು. ವ್ಯಾಯಾಮಶಾಲೆ ನಡೆಸುವ, ಎಲ್ಲರೂ ಡಂಬೆಲ್ ಎಂದು ಕರೆಯುವ ಆಸಾಮಿ ಕಬ್ಬಿಣದ ಸರಳು ಹಿಡಿದು ಬಂದ.

"ಯಾರೂ ಮುಟ್ಟಬೇಡಿ! ಸಾಕ್ಷ್ಯ ಕೆಡುತ್ತೆ!" ವಕೀಲರು ಕೈ ಅಡ್ಡ ಹಿಡಿದರು. "ಸಿಕ್ಕ ಮೂವರು ಎಲ್ಲಿ?"

"ಯಾವ ಮೂವರು ಸಾರ್?"

"ಮೂರು ಜನ ಕಳ್ಳರು ರೀ!"

"ಓ, ಅವರಾ? ಮುಚ್ಚಿಟ್ಟೆ ಸಾರ್. ಒಬ್ಬ ಸೀಟಿನ ಕೆಳಗೆ, ಒಬ್ಬ ರೇಡಿಯೋದಲ್ಲಿ, ಒಬ್ಬ ಹಿಂಬಾಗಿಲಲ್ಲಿ."

ವಕೀಲರು ಹಿಂಬಾಗಿಲ ದಪ್ಪ ನೋಡಿದರು. ಆಮೇಲೆ ಜೀಪಣ್ಣನನ್ನು ನೋಡಿದರು. ಒಂದು ಹೆಜ್ಜೆ ಹಿಂದೆ ಸರಿದರು.

"ಅಯ್ಯೋ, ಕಳ್ಳ ಅಂದ್ರೆ ಕಳ್ಳ ಅಲ್ಲ ಸಾರ್! ಕಳ್ಳ ಅಂದ್ರೆ..." ಎನ್ನುತ್ತ ಜೀಪಣ್ಣ ತೋರಿಸಲೆಂದು ಸೀಟಿನ ಮೇಲೆ ಬಗ್ಗಿದ. ಕುಂಯ್ಯ್ಯ್...

"ನೋಡಿ! ಹೊರಗಿರೋ ಜೊತೆಗಾರನಿಗೆ ಸನ್ನೆ ಮಾಡ್ತಿದ್ದಾನೆ!" ಎಂದಳು ನರ್ಸಮ್ಮ.

ಡಂಬೆಲ್ ಅವನನ್ನು ಪಕ್ಕಕ್ಕೆ ತಳ್ಳಿ ತಾನು ಬಗ್ಗಿದ. ಸದ್ದಿಲ್ಲ. ಎದೆಯುಬ್ಬಿಸಿ ಎದ್ದ. "ನನ್ನ ನೋಡಿ ಹೆದರಿದ."

ಅಷ್ಟರಲ್ಲಿ ಅತ್ತೆ ಮೆಟ್ಟಿಲಿಳಿದು ಬಂದರು. ನರ್ಸಮ್ಮ ಓಡಿಹೋಗಿ ಅವರ ತಲೆಯನ್ನು ಆಚೆ ಈಚೆ ತಿರುಗಿಸಿ ನೋಡಿದಳು. "ಎರಡೂ ಕಿವಿ ಇವೆ" ಎಂದು ಸ್ವಲ್ಪ ನಿರಾಸೆಯಿಂದಲೇ ಸಾರಿದಳು. "ಚೆನ್ನಾಗಿದ್ದೀನಮ್ಮ, ಊಟ ಆಯ್ತು" ಎಂದರು ಅತ್ತೆ.

ಕೊನೆಗೆ ಜೀಪಣ್ಣ ಮೂರೂ ಕಳ್ಳಜೇಬುಗಳನ್ನು ತೆರೆದು ತೋರಿಸಬೇಕಾಯಿತು. ಬಗ್ಗಿದಾಗಲೆಲ್ಲ ಸಿಳ್ಳೆ ಕೇಳಿತು. ಮಷೀನಿನ ವಿಷಯವನ್ನೂ ಹೇಳಿದ. ಎಲ್ಲರಿಗೂ ಅರ್ಥವಾಯಿತು. ಅಲ್ಲಿಂದಲೇ ನಿಜವಾದ ಆಪತ್ತು ಶುರುವಾದದ್ದು. ಕಳ್ಳ ಇಲ್ಲ ಎಂದಾದ ಮೇಲೆ ಬೀದಿಗೆ ಒಬ್ಬ ಕಳ್ಳ ಬೇಕಾಗಿತ್ತು.

"ಬರೀ ಹಗ್ಗ, ಚಾಕೊಲೇಟು ಬಚ್ಚಿಡೋಕೆ ಇಷ್ಟೆಲ್ಲ ಮಾಡಿಸ್ತಾರಾ?" ವಕೀಲರು ದನಿ ತಗ್ಗಿಸಿ ಕೇಳಿದರು. "ನಾಲ್ಕನೇದರಲ್ಲಿ ಏನಿದೆ?"

"ಅದೆಲ್ಲಿದೆ ಅಂತ ನನಗೇ ಗೊತ್ತಿಲ್ಲ ಸಾರ್."

"ನಿಮ್ಮ ಗಾಡಿ. ನೀವು ಮಾಡಿಸಿದ ಖಾನೆ. ನಿಮಗೇ ಗೊತ್ತಿಲ್ಲ." ವಕೀಲರು ಇದನ್ನು ನ್ಯಾಯಾಧೀಶರಿಗೆ ಹೇಳುವಂತೆ ಡಂಬೆಲ್‌ಗೆ ಹೇಳಿದರು.

"ನನ್ನ ಪ್ರೋಟೀನ್ ಪುಡಿ ಡಬ್ಬ ಕಾಣೆಯಾಗಿ ತಿಂಗಳಾಯ್ತು" ಎಂದ ಡಂಬೆಲ್, ನಿಧಾನವಾಗಿ.

"ನನ್ನ ಎಡಗಾಲಿನ ಚಪ್ಪಲಿ" ಎಂದಳು ನರ್ಸಮ್ಮ.

"ನಮ್ಮ ಬೆಕ್ಕು" ಎಂದರು ವಕೀಲರು.

ಜೀಪಣ್ಣ ಸಿಟ್ಟಿನಿಂದ ಮತ್ತೆ ಜೀಪಿನೊಳಕ್ಕೆ ನುಗ್ಗಿದ. ಸಿಳ್ಳೆ ಬಂತು, ಆದರೆ ಈ ಸಲ ಸಣ್ಣಗೆ, ಸುಸ್ತಾಗಿ. ಅವನಿಗೆ ಹೊಳೆಯಿತು: ಬ್ಯಾಟರಿ! ಅದು ಸತ್ತರೆ ಸಿಳ್ಳೆಯೂ ಸತ್ತಂತೆ. ಆಮೇಲೆ ಕಿವಿ ಎಲ್ಲಿದೆಯೆಂದು ದೇವರಿಗೂ ತಿಳಿಯದು. ಬಿಸಿಲು ಆಗಲೇ ಎದುರು ಗೋಡೆ ಹತ್ತುತ್ತಿತ್ತು.

"ಬಿಚ್ಚಿ!" ಎಂದ. "ಎಲ್ಲಾ ಬಿಚ್ಚಿ!"

ಹೇಳಿದ್ದೇ ತಡ, ಬೀದಿಯೇ ಜೀಪಿನ ಮೇಲೆ ಬಿತ್ತು. ಸೀಟುಗಳು ಹೊರಬಂದವು. ಬಾಗಿಲುಗಳು ಕಳಚಿ ಗೋಡೆಗೊರಗಿದವು. ಬಾನೆಟ್ಟು ಎತ್ತಿ ಪಕ್ಕಕ್ಕಿಟ್ಟರು. ಡಂಬೆಲ್ ಸ್ಪ್ಯಾನರ್ ಇಲ್ಲದೆ ಬರಿಗೈಯಲ್ಲೇ ಡ್ಯಾಶ್‌ಬೋರ್ಡ್ ಕಿತ್ತ. ಜೀಪಣ್ಣ ಒಂದೊಂದು ಬೋಲ್ಟಿಗೂ ತನ್ನದೇ ಹಲ್ಲು ಕೀಳಿಸಿಕೊಂಡವನಂತೆ ಮುಖ ಕಿವುಚುತ್ತ, ಎಲ್ಲರಿಗಿಂತ ಜೋರಾಗಿ ಬಿಚ್ಚುತ್ತಿದ್ದ. ನಡುನಡುವೆ ಬಗ್ಗಿ ಉಸಿರು ಬಿಗಿಹಿಡಿದು ಆಲಿಸುತ್ತಿದ್ದ. ಸಿಳ್ಳೆ ಎಂಜಿನ್ನಿನ ಹತ್ತಿರ ಕೇಳಿತು. ಚಕ್ರದ ಹತ್ತಿರ ಕೇಳಿತು. ಬಿಚ್ಚಿಟ್ಟ ಬಾಗಿಲ ಹತ್ತಿರವೂ ಕೇಳಿತು. ಈ ಕಳ್ಳ ಓಡಾಡುತ್ತಿದ್ದ.

ಕಿಡಿಯ ಸ್ಕೂಟರ್ ಬಂದು ನಿಂತಾಗ ಜೀಪಿನಲ್ಲಿ ಉಳಿದದ್ದು ಅಸ್ಥಿಪಂಜರ ಮತ್ತು ಸ್ಟಿಯರಿಂಗ್.

"ಯಾರು ಸಾರ್ ಇದನ್ನ ಕೊಂದೋರು?" ಎಂದ ಕಿಡಿ.

"ಮಾತು ಬೇಡ! ನಾಲ್ಕನೇದು ಎಲ್ಲಿ?"

ಕಿಡಿ ಬಾಯಲ್ಲಿದ್ದ ಸ್ಕ್ರೂವನ್ನು ಎಡದವಡೆಯಿಂದ ಬಲದವಡೆಗೆ ಸರಿಸಿದ. "ನಾಲ್ಕನೇದಾ? ಎಲ್ಲಿಂದ ಬರುತ್ತೆ ಸಾರ್? ತಗಡು ಮೂರಕ್ಕೇ ಮುಗಿದುಹೋಗಿತ್ತು. ತಮಾಷೆಗೆ ಅಂದಿದ್ದೆ. ನೀವೂ ನಕ್ಕಿರಿ, ಮತ್ತೆ ಕೇಳಲಿಲ್ಲ. ಅರ್ಥ ಆಯ್ತು ಅಂದ್ಕೊಂಡೆ."

ಅಷ್ಟರಲ್ಲಿ ಒಂದು ಆಟೋ ಬಂದು ನಿಂತಿತು. ಹೆಂಡತಿ ಇಳಿದಳು. ಹರಡಿಬಿದ್ದ ಜೀಪನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದಳು.

"ಕಿವಿ ಸಿಕ್ತಾ?"

ಜೀಪಣ್ಣ ನೆಲದ ಮೇಲೆ ಕುಕ್ಕರಿಸಿ, ಮಂಡಿಗಳನ್ನು ಎದೆಗವುಚಿಕೊಂಡು ತಲೆ ತಗ್ಗಿಸಿದ.

ಕುಂಯ್ಯ್ಯ್ಯ್...

ಎಲ್ಲರೂ ಜೀಪಿನ ಕಡೆ ತಿರುಗಿದರು. ಜೀಪು ದೂರವಿತ್ತು. ಎಲ್ಲರೂ ಜೀಪಣ್ಣನ ಕಡೆ ತಿರುಗಿದರು. ಅವನು ಗಾಬರಿಯಿಂದ ಮಂಡಿಗಳನ್ನು ಇನ್ನೂ ಬಿಗಿಯಾಗಿ ಅವುಚಿಕೊಂಡ. ಸಿಳ್ಳೆ ಇನ್ನೂ ಜೋರಾಯಿತು.

ಹೆಂಡತಿ ಹತ್ತಿರ ಬಂದು ಅವನನ್ನು ಎಬ್ಬಿಸಿ ನಿಲ್ಲಿಸಿದಳು. ಜರ್ಕಿನ್ನಿನೊಳಗೆ ಕೈಹಾಕಿ ತಡಕಿದಳು. ಕಂಕುಳ ಕೆಳಗೆ, ಒಳಬಟ್ಟೆಯ ಮಡಿಕೆಯಲ್ಲಿ, ಕಣ್ಣಿಗೆ ಕಾಣದಷ್ಟು ಸೊಗಸಾದ ಹೊಲಿಗೆಯ ಒಂದು ಪುಟ್ಟ ಜೇಬು. ಅದರೊಳಗಿಂದ, ಅವನು ಬಗ್ಗಿದಾಗಲೆಲ್ಲ ಒತ್ತಡಕ್ಕೆ ಸಿಕ್ಕಿ ಸಿಳ್ಳೆ ಹೊಡೆಯುತ್ತಿದ್ದ ಕಿವಿ ಹೊರಬಂತು.

ಕಿಡಿ ಬಾಯಿಂದ ಸ್ಕ್ರೂ ತೆಗೆದ. "ನಾಲ್ಕನೇ ಕಳ್ಳ ಸಿಕ್ಕ."

"ಮಾಲು ಸಮೇತ" ಎಂದರು ವಕೀಲರು.

"ನಾನಲ್ಲ ಕಣೇ! ಇದು ಅತ್ತೆ ಹೊಲಿದದ್ದು! ಅತ್ತೇ, ಹೇಳಿ!"

"ಆಂ?" ಎಂದರು ಅತ್ತೆ.

ಹೆಂಡತಿಯ ಮೂಗಿನ ಹೊಳ್ಳೆ ಅರಳಿತು. "ಕಿವಿ ಕಳಕೊಂಡ ಅಮ್ಮ ಪಾಪ ನಿಮ್ಮ ಹರಕಲು ಬಟ್ಟೆ ಹೊಲೀತಾರೆ. ನೀವು ಅದರಲ್ಲೇ ಅವರ ಕಿವಿ ಬಚ್ಚಿಡ್ತೀರಿ. ಸಿಕ್ಕಿಬಿದ್ದ ಮೇಲೆ ಅವರ ಮೇಲೇ ಹೇಳ್ತೀರಿ. ನೋಡಿ, ನಾನು ಮಾತಿಗೆ ತಪ್ಪೋಳಲ್ಲ. ಕಿವಿ ಸಿಕ್ತು, ಜೀಪು ಗುಜರಿಗೆ ಹೋಗಲ್ಲ. ಇಲ್ಲೇ ಇರುತ್ತೆ, ಹೀಗೇ. ನೀವೂ ಅದರಲ್ಲೇ ಇರಿ."

ಅವಳು ತಾಯಿಯ ಕಿವಿಗೆ ಮಷೀನು ಸಿಕ್ಕಿಸಿ, ಚೀಲ ಎತ್ತಿಕೊಂಡು ಮೆಟ್ಟಿಲು ಹತ್ತಿದಳು. ಹತ್ತುತ್ತಲೇ ತರಬೇತಿಯಲ್ಲಿ ಆದದ್ದನ್ನೆಲ್ಲ ಮೊದಲಿನಿಂದ ಹೇಳತೊಡಗಿದಳು. ಅತ್ತೆಯ ಮುಖ ಕಹಿ ಗುಳಿಗೆ ನುಂಗಿದಂತಾಯಿತು. ಡಂಬೆಲ್ ಕೈ ಒರೆಸಿಕೊಂಡು ಹೋದ. ನರ್ಸಮ್ಮ ಟವೆಲ್ಲು ತೆಗೆದುಕೊಂಡು ಹೋದಳು. ಬಿಚ್ಚಿದ್ದನ್ನು ಜೋಡಿಸಲು ಯಾರಿಗೂ ಬಿಡುವಿರಲಿಲ್ಲ.

ಜೀಪಣ್ಣ ಸೀಟಿಲ್ಲದ ಜೀಪಿನೊಳಗೆ ಹೋಗಿ, ಸ್ಟಿಯರಿಂಗ್ ಹಿಡಿದು ಬರೀ ತಗಡಿನ ಮೇಲೆ ಕುಳಿತ. ಅತ್ತೆ ಮೆಲ್ಲನೆ ಬಂದು, ಕಿಟಕಿಯಿದ್ದ ಜಾಗದಲ್ಲಿ ತಲೆ ತೂರಿಸಿದರು.

"ಭಾನುವಾರ ದಾರಿಯುದ್ದಕ್ಕೂ ನೀವು ಕಳ್ಳಜೇಬಿನ ವಿಷಯ ಕೊರೆದದ್ದೇ ಕೊರೆದದ್ದು. ಆಮೇಲೆ ಮನೆಗೆ ಬಂದ್ರೆ ಮಗಳ ಮಾತು. ನನಗೂ ಎರಡು ದಿನ ನೆಮ್ಮದಿ ಬೇಡವಾ? ಒಂದು ಜೇಬು ಹೊಲಿದೆ" ಎಂದು ಪಿಸುಗುಟ್ಟಿದರು. "ನೀವು ಜೀಪು ಬಿಟ್ಟು ಬೇರೇನೂ ನೋಡೋರಲ್ಲ, ಯಾರಿಗೂ ಸಿಗಲ್ಲ ಅಂದ್ಕೊಂಡೆ."

"ಅದು ಸಿಳ್ಳೆ ಹೊಡೆಯುತ್ತಲ್ಲ ಅತ್ತೇ!"

"ಅದು ನನಗೆ ಹೇಗೆ ಗೊತ್ತಾಗಬೇಕು ಅಳಿಯಂದ್ರೇ?" ಅತ್ತೆಗೆ ನಿಜವಾಗಿಯೂ ಬೇಸರವಾಗಿತ್ತು. "ಕಿವೀಲಿ ಇಲ್ಲದಾಗ ತಾನೇ ಅದು ಸಿಳ್ಳೆ ಹೊಡೆಯೋದು?"